ಬಹಾರಿನ್‌ನ ಗೇರ್‌ಬಾಕ್ಸಿಗೆ ಬಂದ ಜ್ವರ

ಬಹಾರಿನ್ ಯಾರ ತಂಟೆಗೂ ಹೋಗುವವನಲ್ಲ. ಈಪೋ ಊರಿನ ಗ್ರಂಥಾಲಯದಲ್ಲಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಾಕುತ್ತಾ ಅರ್ಧ ಆಯುಸ್ಸು ಕಳೆದವನು. ಜೋರಾಗಿ ಮಾತಾಡಿದರೆ ಪುಸ್ತಕಗಳಿಗೆ ನೋವಾದೀತು ಎಂಬಂತೆ ಮಾತಾಡುವವನು. ಹೆಂಡತಿಯಿಂದ ಹಿಡಿದು ಚಹಾದಂಗಡಿಯ ಪಡ್ಡೆಗಳವರೆಗೆ ಎಲ್ಲರಿಗೂ ಅವನು ‘ಬಾಂಗ್’. ನಮ್ಮಲ್ಲಿ ಅಣ್ಣ ಎಂದರೂ ಅದೇ, ರೀ ಎಂದರೂ ಅದೇ. ಇಂಥವನಿಗೆ, ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುವ ವಯಸ್ಸಿನಲ್ಲಿ, ವೇಗದ ಹುಚ್ಚು ಹಿಡಿಯಿತು.

ಯಾವನೋ ಹುಡುಗ ಮಾರಲಿಟ್ಟಿದ್ದ ಹಳೆಯ ಜಪಾನಿ ಕಾರೊಂದನ್ನು ಕೊಂಡುತಂದ. ಕಾರು ಹಳೆಯದಾದರೂ ಅದರ ಇಂಜಿನ್ನಿಗೆ ಆ ಹುಡುಗ ಟರ್ಬೋ ಕೂರಿಸಿದ್ದ. ಪೆಡಲಿನ ಮೇಲಿಂದ ಕಾಲೆತ್ತಿದರೆ ‘ಪ್ಶ್‌ಶ್’ ಎಂದು ಸೀನುತ್ತಿತ್ತು. ಆ ಸೀನಿಗೇ ಬಹಾರಿನ್ ಸೋತದ್ದು. ಗೇರು ಮಾತ್ರ ಆಟೊಮ್ಯಾಟಿಕ್. ಎಡಮಂಡಿ ನೋಯುವ ಬಹಾರಿನ್‌ಗೆ ಕ್ಲಚ್ಚಿಲ್ಲದ್ದೇ ದೊಡ್ಡ ವರವಾಗಿ ಕಂಡಿತು.

ಆ ವರ ಚಹಾದಂಗಡಿ ತಲುಪುವವರೆಗೆ ಮಾತ್ರ ಉಳಿಯಿತು.

“ಟರ್ಬೋ ಗಾಡಿಗೆ ಆಟೋ ಗೇರ್‌ಬಾಕ್ಸಾ ಬಾಂಗ್?” ಎಂದ ಒಬ್ಬ ಪಡ್ಡೆ, ಬಾಯಲ್ಲಿದ್ದ ರೊಟ್ಟಿಯನ್ನೂ ನುಂಗದೆ. “ನಿಮ್ಮ ಇಂಜಿನ್ನು ಆನೆ, ಗೇರ್‌ಬಾಕ್ಸು ಬಾಳೆದಿಂಡು. ತಿಂಗಳೊಳಗೆ ಚಟ್ನಿ ಆಗ್ತದೆ ನೋಡಿ.”

“ಯಾಕಪ್ಪ?”

“ಬಿಸಿ ಬಾಂಗ್, ಬಿಸಿ! ಒಳಗಿನ ಎಣ್ಣೆ ಕಾದು ಕಪ್ಪಾಯ್ತು ಅಂದ್ರೆ ಕಥೆ ಮುಗೀತು. ಆಮೇಲೆ ಗಾಡಿ ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಹೋಗಲ್ಲ. ಅದರೊಳಗೆ ಕೋಳಿ ಸಾಕಬಹುದು.”

ಬಹಾರಿನ್ ಚಹಾ ಅರ್ಧಕ್ಕೇ ಬಿಟ್ಟು ನೇರ ಫೂಕ್ ಸೆಂಗ್‌ನ ಗ್ಯಾರೇಜಿಗೆ ಹೋದ. ಫೂಕ್ ಸೆಂಗ್ ನಮ್ಮ ಬೀದಿಯ ಮೆಕ್ಯಾನಿಕ್. ಇಂಜಿನ್ನುಗಳ ಗದ್ದಲದಲ್ಲೇ ಬೆಳೆದವನಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಾನೆ.

“ಆಟೋ ಗೇರ್‌ಬಾಕ್ಸ್ ಸಾಯಲ್ಲ ಬಾಸ್, ಜನ ಅದನ್ನ ಕೊಲ್ತಾರೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. “ಒಳ್ಳೇ ಎಣ್ಣೆ ಹಾಕು, ಹೊತ್ತಿಗೆ ಸರಿಯಾಗಿ ಬದಲಾಯಿಸು. ಮುಂದುಗಡೆ ಒಂದು ಕೂಲರ್ ಹಾಕಿಕೊಡ್ತೀನಿ, ಗೇರೆಣ್ಣೆ ಅದರೊಳಗೆ ಸುತ್ತಾಡಿ ತಣ್ಣಗಾಗಿ ಬರ್ತದೆ. ಗಾಡಿ ಪೂರ್ತಿ ನಿಲ್ಲದೆ ರಿವರ್ಸಿಗೆ ಹಾಕಬೇಡ. ಇಂಜಿನ್ನು ಕೂಗಿಸ್ಕೊಂಡು ಗೇರಿಗೆ ತಳ್ಳಬೇಡ. ಬೆಟ್ಟ ಹತ್ತುವಾಗ ಕೆಳಗಿನ ಗೇರಲ್ಲೇ ಹಿಡ್ಕೋ, ಅದು ಮೇಲೆ ಕೆಳಗೆ ಪರದಾಡಬಾರದು. ನೂರು ಡಿಗ್ರಿ ಒಳಗಿದ್ರೆ ಆರಾಮು. ನೂರು ದಾಟಿದ್ರೆ ಎಚ್ಚರ. ನೂರಿಪ್ಪತ್ತು ದಾಟಿತೋ, ನನ್ನ ಹತ್ರ ಬರಬೇಡ, ಹೂವು ತಗೊಂಡು ಸ್ಮಶಾನಕ್ಕೆ ಹೋಗು!”

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನೂರು ದಾಟಿದ್ದು ತಿಳಿಯುವುದು ಹೇಗೆ? ಫೂಕ್ ಸೆಂಗ್ ಒಂದು ಸಾದಾ ಮಾಪಕ ತೋರಿಸಿದ. ಬಹಾರಿನ್‌ಗೆ ಅದು ಅಕ್ಕಿಯಂಗಡಿಯ ತಕ್ಕಡಿಯಂತೆ ಕಂಡಿತು. ತಾನೇ ಅಮೆರಿಕದಿಂದ ಒಂದನ್ನು ತರಿಸಿದ. ಆ ಪೊಟ್ಟಣವನ್ನು ಅವನ ಕೈಗೆ ಕೊಟ್ಟವನು ನಾನೇ. ನಾನು ತಂಗವೇಲು, ಅವನ ಪಕ್ಕದ ಮನೆಯವನು, ಆ ಬಡಾವಣೆಯ ಅಂಚೆಯವನು. ನೀಲಿ ಬೆಳಕಿನ ಸುಂದರ ಮಾಪಕ. ಮುಖದ ಮೂಲೆಯಲ್ಲಿ ಇರುವೆ ಗಾತ್ರದ ಒಂದು ಇಂಗ್ಲಿಷ್ ಅಕ್ಷರವಿತ್ತು: ಎಫ್.

“ಇದೇನು ಬಾಂಗ್?” ಎಂದೆ.

“ಫ್ಲೂಯಿಡ್. ಎಣ್ಣೆಯ ಶಾಖ ಅಂತ,” ಎಂದ ಬಹಾರಿನ್, ಪುಸ್ತಕಗಳ ನಡುವೆ ಬಾಳಿದವನ ಗಾಂಭೀರ್ಯದಿಂದ. “ಅಮೆರಿಕದವರು ಎಲ್ಲವನ್ನೂ ಬಿಡಿಸಿ ಹೇಳ್ತಾರೆ ತಂಗಾ.”

ಮಾಪಕವನ್ನು ತಾನೇ ಜೋಡಿಸಿ, ಮೊದಲ ದಿನ ಊರ ಹೊರಗೊಂದು ಸುತ್ತು ಹೋದ. ಸ್ವಲ್ಪ ಹೊತ್ತಿಗೆ ನಮ್ಮ ಮನೆಗೆ ಫೋನು ಬಂತು.

“ತಂಗಾ, ಹಗ್ಗ ತಗೊಂಡು ಬಾ.”

“ಹಗ್ಗ ಯಾಕೆ? ದುಡುಕಬೇಡಿ ಬಾಂಗ್!”

“ಗಾಡಿ ಎಳೆಯೋದಕ್ಕೆ. ಗೇರ್‌ಬಾಕ್ಸಿಗೆ ನೂರೆಪ್ಪತ್ತು ಡಿಗ್ರಿ!”

ನನ್ನ ಅಂಚೆ ವ್ಯಾನಿಗೆ ಕಟ್ಟಿಕೊಂಡು ಎಳೆದುತಂದು ಫೂಕ್ ಸೆಂಗ್‌ನ ಮುಂದೆ ನಿಲ್ಲಿಸಿದೆವು. ಇಂಜಿನ್ನು ಆರಿತ್ತು, ಮಾಪಕ ಮಲಗಿತ್ತು. ಫೂಕ್ ಸೆಂಗ್ ಕೆಳಗೆ ನುಸುಳಿ ಗೇರ್‌ಬಾಕ್ಸಿನ ತಳ ಮುಟ್ಟಿನೋಡಿದ.

“ಬಾಸ್, ಇದು ಬಿಸಿಯಾ? ನನ್ನ ಹೆಂಡ್ತಿ ಮಾಡೋ ಸೂಪು ಇದಕ್ಕಿಂತ ಬಿಸಿ ಇರ್ತದೆ!”

“ಹಗಲೂ ರಾತ್ರಿ ಇಂಜಿನ್ನು ಮುಟ್ಟಿ ಮುಟ್ಟಿ ನಿಮ್ಮ ಕೈ ಸತ್ತುಹೋಗಿದೆ ತೌಕೆ,” ಎಂದ ಬಹಾರಿನ್. ಅಂಗಡಿಯ ಯಜಮಾನರನ್ನು ನಮ್ಮಲ್ಲಿ ಹಾಗೆ ಕರೆಯುವುದು.

“ನಿನ್ನ ಮಾಪಕ ಸುಳ್ಳು ಹೇಳ್ತಿದೆ.”

“ಅಮೆರಿಕದ್ದು ಸುಳ್ಳು ಹೇಳುತ್ತಾ?”

ಫೂಕ್ ಸೆಂಗ್ ತನ್ನ ಅಂಗಡಿಯಲ್ಲಿ ಕೊಳ್ಳದ ಯಾವ ಸಾಮಾನಿನ ಮುಖವನ್ನೂ ನೋಡುವವನಲ್ಲ. “ನಿನ್ನ ಗಾಡಿ, ನಿನ್ನ ಹುಚ್ಚು,” ಎಂದು ಇನ್ನೂ ದೊಡ್ಡ ಕೂಲರನ್ನು ತಂದು ಬಿಗಿದ. ಮುಳ್ಳು ನೂರೆಪ್ಪತ್ತರಿಂದ ನೂರರವತ್ತಕ್ಕೆ ಇಳಿಯಿತು. ಸ್ಮಶಾನದ ಗಡಿಯಿಂದ ಇನ್ನೂ ನಲವತ್ತು ಡಿಗ್ರಿ ಆಚೆಯೇ ಇತ್ತು!

ಅಲ್ಲಿಂದ ಬಹಾರಿನ್ ಆರೈಕೆಗೆ ನಿಂತ. ಬೆಳಿಗ್ಗೆ ಇಂಜಿನ್ನು ಚಾಲೂ ಮಾಡಿ, ಎಣ್ಣೆ ನಿದ್ದೆಯಿಂದ ಏಳಲಿ ಎಂದು ಕೈಕಟ್ಟಿ ಕಾಯುತ್ತಿದ್ದ. ಗೇರಿನ ಹಿಡಿಯನ್ನು ಮಲಗಿದ ಮಗುವಿನ ಕೈ ಸರಿಸುವಂತೆ ಸರಿಸುತ್ತಿದ್ದ. ಆಮೇಲೆ ಆ ಸೀನುವ ಕಾರು ಬೀದಿಯಲ್ಲಿ ಮೆರವಣಿಗೆಯ ವೇಗದಲ್ಲಿ ಹೊರಡುತ್ತಿತ್ತು. ಸೈಕಲ್ಲಿನವರು ಗಂಟೆ ಬಾರಿಸಿ ದಾಟಿಹೋಗುತ್ತಿದ್ದರು. ದಾರಿಯಲ್ಲಿ ದೊಡ್ಡ ಮರ ಕಂಡಲ್ಲೆಲ್ಲ ನೆರಳಿಗೆ ನಿಲ್ಲಿಸಿ, ಬಾನೆಟ್ಟು ತೆರೆದು, ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ.

ಮುಳ್ಳು ಜಗ್ಗಲಿಲ್ಲ. ಆಗ ಅವನಿಗೆ ಮಂಜುಗಡ್ಡೆ ಹೊಳೆಯಿತು. ಮೀನು ಮಾರುಕಟ್ಟೆಯಲ್ಲಿ ಉಳಿದ ಮಂಜನ್ನು ಗೋಣಿಚೀಲದಲ್ಲಿ ತಂದು ಬಂಪರಿನ ಹಿಂದೆ, ಕೂಲರಿಗೆ ಒರಗಿಸಿ ಕಟ್ಟತೊಡಗಿದ. ಮಂಜು ಕರಗಿ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಮೀನಿನ ಮಂಜಿನ ನೀರಿಗೆ ಮೀನಿನದೇ ಗುಣ. ಮೊದಲ ದಿನ ಕಾರಿನ ಹಿಂದೆ ಒಂದು ಬೆಕ್ಕು ಬಂತು. ವಾರ ಕಳೆಯುವಷ್ಟರಲ್ಲಿ ಬಡಾವಣೆಯ ಬೆಕ್ಕುಗಳೆಲ್ಲ ಬಾಲವೆತ್ತಿಕೊಂಡು ಅವನನ್ನು ಗ್ರಂಥಾಲಯದ ಗೇಟಿನವರೆಗೆ ಬೀಳ್ಕೊಟ್ಟು ಬರುತ್ತಿದ್ದವು. ವೇಗವಾಗಿ ಹೋಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಗೇರ್‌ಬಾಕ್ಸಿಗೆ ಜ್ವರವಲ್ಲವೇ!

“ನನಗೆ ಜ್ವರ ಬಂದಾಗ ಹಣೆಗೊಂದು ಒದ್ದೆ ಬಟ್ಟೆ ಹಾಕಿದವರಲ್ಲ ನೀವು,” ಎಂದಳು ಅವನ ಹೆಂಡತಿ ಮಸ್ತೂರಾ, ನಮ್ಮ ಮನೆಗೂ ಕೇಳುವಂತೆ. “ಆ ಕಬ್ಬಿಣದ ಡಬ್ಬಕ್ಕೆ ದಿನಾ ಮಂಜಿನ ಪಟ್ಟಿ! ಮನೆಯೊಳಗೆ ಬಂದ್ರೆ ಬಂಗಡೆ ವಾಸನೆ.”

“ನಿನ್ನ ಜ್ವರ ಮೂವತ್ತೊಂಬತ್ತು ದಾಟಿರಲಿಲ್ಲ ಮಸ್ತೂರಾ. ಇದಕ್ಕೆ ನೂರರವತ್ತು!”

ಬಹಾರಿನ್ ಮೀನಿನ ವ್ಯಾಪಾರ ಶುರುಮಾಡಿದ್ದಾನೆ ಎಂದು ಸುದ್ದಿಯಾಯಿತು. ಎದುರು ಮನೆಯಾಕೆ ಸಂಜೆ ಚೀಲ ಹಿಡಿದು ಬಂದು, “ಸಿಗಡಿ ಹೇಗೆ ಕೊಡ್ತೀರಿ ಬಾಂಗ್?” ಎಂದು ಕೇಳಿದಳು. ಇಲ್ಲವೆಂದದ್ದಕ್ಕೆ, ನೆಂಟರಿಗೆ ಮಾತ್ರ ಕೊಡುತ್ತಾನೆಂದು ಮುನಿಸಿಕೊಂಡು ಹೋದಳು. ಸುದ್ದಿ ಗ್ರಂಥಾಲಯಕ್ಕೂ ಮುಟ್ಟಿತು. ಅಲ್ಲಿನ ಮೇಲಧಿಕಾರಿ ಪುವಾನ್ ಹೆಂಡನ್ ಅವನನ್ನು ಕೋಣೆಗೆ ಕರೆಸಿದರು. ನಾನು ಆಗಷ್ಟೇ ಟಪಾಲು ಕೊಡಲು ಹೋಗಿದ್ದೆ. ಕೋಣೆಯ ಬಾಗಿಲು ತೆರೆದಿದ್ದದ್ದು ನನ್ನ ಪುಣ್ಯ.

“ಸರ್ಕಾರಿ ನೌಕರಿಯಲ್ಲಿದ್ದು ಮೀನು ಮಾರೋ ಹಾಗಿಲ್ಲ ಬಹಾರಿನ್.”

“ಮೀನಲ್ಲ ಮೇಡಂ, ಗೇರ್‌ಬಾಕ್ಸು.”

“ಅದು ಯಾವ ಮೀನು? ಸಮುದ್ರದ್ದೋ, ಹೊಳೆಯದ್ದೋ?”

“ಕಾರಿನದ್ದು ಮೇಡಂ. ಅದಕ್ಕೆ ಬಿಸಿ ಆಗಿದೆ, ಮಂಜು ಕಟ್ಟಿದೀನಿ.”

ಪುವಾನ್ ಹೆಂಡನ್ ಕಿಟಕಿಯಾಚೆ ನೋಡಿದರು. ಕಾರಿನ ಕೆಳಗೆ ಬೆಕ್ಕುಗಳು ಸಾಲಾಗಿ ಕೂತು ನೆಲ ನೆಕ್ಕುತ್ತಿದ್ದವು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಒಂದೆರಡು ದಿನ ರಜಾ ತಗೊಳ್ಳಿ ಬಹಾರಿನ್,” ಎಂದರು, ಕಾಯಿಲೆಯವರಿಗೆ ಹೇಳುವಷ್ಟು ಮೆತ್ತಗೆ.

ರಜೆ ಹೇಗೂ ಬೇಕಾಗಿತ್ತು. ಮಸ್ತೂರಾಳ ತಮ್ಮ ಶಹ್ರೀಮ್‌ನ ಮದುವೆ ಗೊತ್ತಾಗಿತ್ತು. ಎರಡು ಸಲ ನಿಶ್ಚಯವಾಗಿ ಮುರಿದು, ಮೂರನೆಯ ಸಲ ಕೂಡಿಬಂದ ಮದುವೆ. ಹೆಣ್ಣು ಬೆಟ್ಟದ ಮೇಲಿನ ರಿಂಗ್ಲೆಟ್ ಊರಿನವಳು. ಅವಳ ಅಪ್ಪ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು ನಿವೃತ್ತನಾದವನು. “ಹೊತ್ತಿಗೆ ಸರಿಯಾಗಿ ಬರದ ಗಂಡು ಬಾಳುವೆಗೂ ಸರಿಯಾಗಿ ಬರಲ್ಲ,” ಎಂದು ಆತ ಮೊದಲೇ ಹೇಳಿಕಳಿಸಿದ್ದ. ಮದುವೆ ಓದಿಸುವ ಕಾದಿಗೂ ಅದೇ ಮಧ್ಯಾಹ್ನ ಇನ್ನೊಂದು ಊರಲ್ಲಿ ಇನ್ನೊಂದು ಮದುವೆ ಇತ್ತು.

ಶಹ್ರೀಮ್ ತನ್ನ ಗೆಳೆಯನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಹೊರಟ. ಬಹಾರಿನ್‌ನ ಕಾರಿನಲ್ಲಿ ಮುಂದಿನ ಸೀಟಿಗೆ ಅವನ ಅತ್ತೆ ಮಕ್ ಜರಾ. ಮೂರು ಬೀದಿಗೆ ಕೇಳುವ ಕಂಠದ, ಕುಳ್ಳಗಿನ, ಗಟ್ಟಿ ಹೆಂಗಸು. ನಾವೆಲ್ಲ ಅವರನ್ನು ‘ಮಕ್’, ಅಮ್ಮ ಎಂದೇ ಕರೆಯುವುದು. ಹಿಂದೆ ಮಸ್ತೂರಾ, ಹೆಣ್ಣಿಗೆ ಕೊಡುವ ಉಡುಗೊರೆಯ ತಟ್ಟೆಗಳು, ನಾನು, ನನ್ನ ತೊಡೆಯ ಮೇಲೆ ಮಕ್ ಜರಾ ಕೈಯಾರೆ ಮಾಡಿದ ರೆಂಡಾಂಗ್ ಮಾಂಸದ ಪಾತ್ರೆ.

ಬೆಟ್ಟದ ರಸ್ತೆ ಶುರುವಾಗುತ್ತಲೇ ಕೆಂಪು ಕಾರು ಹಾರ್ನು ಹೊಡೆಯುತ್ತಾ ನಮ್ಮನ್ನು ದಾಟಿತು. ಶಹ್ರೀಮ್ ಕಿಟಕಿಯಿಂದ ತಲೆ ಹಾಕಿ, “ಬಾಂಗ್, ಮೊಮ್ಮಕ್ಕಳ ಹೊತ್ತಿಗಾದ್ರೂ ಬಂದು ಸೇರಿ!” ಎಂದು ಕೂಗಿಹೋದ.

ಎರಡು ತಿರುವಿಗೊಮ್ಮೆ ಬಹಾರಿನ್ ನಿಲ್ಲಿಸಿದ. ಮಕ್ ಜರಾ ಮೊದಲು ನಿಟ್ಟುಸಿರಿಟ್ಟರು, ಆಮೇಲೆ ದೇವರನ್ನು ಕರೆದರು, ಆಮೇಲೆ ಬಾಯಿಬಿಟ್ಟರು.

“ನಾನು ಇವನ ಹಾಗೆ ನಿಂತು ನಿಂತು ಹೆತ್ತಿದ್ರೆ ಶಹ್ರೀಮ್ ಇವತ್ತಿಗೂ ಹುಟ್ತಿರಲಿಲ್ಲ.”

“ಸ್ವಲ್ಪ ತಾಳಿ ಮಕ್. ನೂರ ತೊಂಬತ್ತು ಆಗಿದೆ.”

ಒಂದು ಜಲಪಾತದ ಪಕ್ಕ ಮುಳ್ಳು ಇನ್ನೂರು ಮುಟ್ಟಿತು. ಬಹಾರಿನ್ ಗಕ್ಕನೆ ಬ್ರೇಕು ಒತ್ತಿದ. “ಎಲ್ಲಾ ಇಳೀರಿ! ಸಿಡಿದುಬಿಡ್ತದೆ!” ಎಂದ. ಇಳಿದೆವು. ಮಸ್ತೂರಾಳಿಗೊಂದು, ಮಕ್ ಜರಾಗೊಂದು ಬೀಸಣಿಗೆ ಕೊಟ್ಟು ಬಾನೆಟ್ಟಿನ ಮುಂದೆ ನಿಲ್ಲಿಸಿದ. ಮದುವೆಯ ರೇಷ್ಮೆಯುಟ್ಟು, ಒಡವೆ ತೊಟ್ಟು, ಅಮ್ಮ ಮಗಳು ಕಾರಿಗೆ ಗಾಳಿ ಹಾಕುತ್ತಿದ್ದುದನ್ನು ನೋಡಲು ಹೋಗುವ ಬರುವ ವಾಹನಗಳೆಲ್ಲ ನಿಂತವು.

ಮಕ್ ಜರಾ ಬೀಸಣಿಗೆ ನಿಲ್ಲಿಸಿದರು. “ಎಷ್ಟು ಅಂದೆ?”

“ಇನ್ನೂರು ಮಕ್.”

“ನೀರು ಎಷ್ಟಕ್ಕೆ ಕುದೀತದೆ?”

“ನೂರಕ್ಕೆ.”

“ಹಂಗಾದ್ರೆ ಇದರ ಮೇಲೆ ನೀರು ಬಿದ್ರೆ ಸುಂಯ್ ಅನ್ನಬೇಕಲ್ಲ? ತಂಗಾ, ಈ ಬಾಟಲಿ ತಗೋ, ಕೆಳಗೆ ಹೋಗು.”

ಮಕ್ ಜರಾ ಹೋಗು ಎಂದರೆ ಹೋಗಬೇಕು. ಹೊಸ ಅಂಗಿಯಲ್ಲೇ ಕಾರಿನ ಕೆಳಗೆ ನುಸುಳಿ, ಗೇರ್‌ಬಾಕ್ಸಿನ ತಳಕ್ಕೆ ನೀರೆರಚಿದೆ.

“ಸುಂಯ್ ಅಂತಾ?” ಮೇಲಿನಿಂದ ಮಕ್ ಜರಾ.

“ಇಲ್ಲ ಮಕ್. ನನ್ನ ಬಾಯಿಗೆ ಬಿತ್ತು.”

“ಬಿಸಿ ಇತ್ತಾ?”

“ಕಾಫಿಗೆ ಸಾಲಲ್ಲ.”

ಅಷ್ಟರಲ್ಲಿ ನನ್ನ ಕಾಲ ಬಳಿ ಎರಡು ಬೂಟುಗಳು ಬಂದು ನಿಂತವು. ಟ್ರಾಫಿಕ್ ಪೊಲೀಸು. ಕಾರಿನ ಕೆಳಗೊಬ್ಬ ಮಲಗಿದ್ದಾನೆ, ಇಬ್ಬರು ಹೆಂಗಸರು ಬೀಸಣಿಗೆ ಹಿಡಿದಿದ್ದಾರೆ. ಅಪಘಾತವಾಗಿ ಯಾರೋ ಹೋಗೇಬಿಟ್ಟರೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ನಾನು ಎದ್ದು ಬಂದಾಗ ಅವನು ಹೆದರಿ ಎರಡು ಹೆಜ್ಜೆ ಹಿಂದೆ ಹೋದ.

ಬಹಾರಿನ್ ಅವನಿಗೆ ಸಂಗತಿ ಎಲ್ಲ ಹೇಳಿದ. ಪೊಲೀಸಿನವನು ಒಳಗೆ ಬಗ್ಗಿ ಮಾಪಕವನ್ನು ಹತ್ತಿರದಿಂದ ನೋಡಿದ.

“ಇದು ಎಫ್ ಅಲ್ವಾ?”

“ಹೌದು ಸಾಹೇಬ್ರೇ. ಫ್ಲೂಯಿಡ್.”

“ಫ್ಲೂಯಿಡ್ ಅಲ್ಲ ಮಾರಾಯ, ಫ್ಯಾರನ್‌ಹೀಟ್! ನಮ್ಮಜ್ಜಿ ಹತ್ರ ಹಳೇ ಕಾಲದ ಜ್ವರದ ಕಡ್ಡಿ ಇತ್ತು. ಅದರಲ್ಲಿ ನನಗೆ ಆರೋಗ್ಯವಾಗಿದ್ದಾಗಲೂ ತೊಂಬತ್ತೆಂಟು.” ಫೋನು ತೆಗೆದು ಲೆಕ್ಕ ಹಾಕಿದ. “ನಿಮ್ಮ ಇನ್ನೂರು ಅಂದ್ರೆ ನಮ್ಮ ತೊಂಬತ್ಮೂರು.”

ಬಹಾರಿನ್ ಮಾಪಕಕ್ಕೆ ಮೂಗು ತಗುಲುವಷ್ಟು ಬಗ್ಗಿ ಆ ಇರುವೆ ಗಾತ್ರದ ಅಕ್ಷರವನ್ನು ಮತ್ತೊಮ್ಮೆ ಓದಿದ.

“ನೂರೆಪ್ಪತ್ತು ಅಂದ್ರೆ?” ಎಂದ ಬಹಾರಿನ್, ಗ್ರಂಥಾಲಯದ ದನಿಯಲ್ಲಿ.

“ಎಪ್ಪತ್ತೇಳು.”

ಮಸ್ತೂರಾ ಬೀಸಣಿಗೆಯನ್ನು ಮಡಿಸಲು ನೋಡಿದಳು. ಅದು ಮಡಿಸುವ ಬೀಸಣಿಗೆಯಾಗಿರಲಿಲ್ಲ, ಮುರಿಯಿತು. “ಎಪ್ಪತ್ತೇಳಕ್ಕೆ ನಾನು ಬಂಗಡೆ ವಾಸನೆಯಲ್ಲಿ ಮಲಗಿದೆನಾ ಬಾಂಗ್?”

“ಗೇರ್‌ಬಾಕ್ಸಿಗೆ ಜ್ವರ ಇಲ್ಲ,” ಮಕ್ ಜರಾ ತೀರ್ಪು ಕೊಟ್ಟರು. “ಇರೋದು ನನ್ನ ಅಳಿಯನ ತಲೆಗೆ. ಎಲ್ಲಾ ಗಾಡಿ ಹತ್ತಿ. ನೀವೂ ಬನ್ನಪ್ಪ ಪೊಲೀಸಿನೋರೆ, ಮದುವೆಗೆ. ರೆಂಡಾಂಗ್ ಸಾಕಷ್ಟಿದೆ.”

ಪೊಲೀಸಿನವನು ಮೋಟಾರ್ ಸೈಕಲ್ಲಿನಲ್ಲಿ ಮುಂದೆ, ನಾವು ಹಿಂದೆ. ಹೆಚ್ಚು ದೂರ ಹೋಗಿರಲಿಲ್ಲ, ತಿರುವೊಂದರಲ್ಲಿ ಕೆಂಪು ಕಾರು ನಿಂತಿತ್ತು. ಅಡಿಯಿಂದ ಹೊಗೆ. ಪಕ್ಕದ ಕಲ್ಲಿನ ಮೇಲೆ ಜರಿಯ ಉಡುಪು, ತಲೆಗೆ ಮದುವಣಿಗನ ಪೇಟ ತೊಟ್ಟ ಶಹ್ರೀಮ್, ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

“ಇದೂ ಆಟೋ ಗೇರೇ ಬಾಂಗ್. ಗೇರಿಗೆ ಹಾಕಿದ್ರೂ ಇಂಜಿನ್ನು ಕೂಗುತ್ತೆ ಹೊರತು ಗಾಡಿ ಕದಲಲ್ಲ,” ಎಂದ ಗೆಳೆಯ, ಅಳುವ ದನಿಯಲ್ಲಿ.

ಬಹಾರಿನ್ ಇಳಿದ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಮೂಗಿನ ಬಳಿ ಹಿಡಿದು, ಕಣ್ಣುಮುಚ್ಚಿದ. “ಸುಟ್ಟುಹೋಗಿದೆ. ಕೂಲರ್ ಹಾಕಿಲ್ಲ ಅಲ್ವಾ? ಕೆಳಗಿನ ಗೇರಲ್ಲಿ ಹಿಡೀಲಿಲ್ಲ ಅಲ್ವಾ?” ಗೆಳೆಯ ತಲೆತಗ್ಗಿಸಿದ. ಹೀಗೆ ಒಬ್ಬರು ತನ್ನ ಮಾತಿಗೆ ತಲೆತಗ್ಗಿಸಿದ್ದು ಬಹಾರಿನ್‌ನ ಬದುಕಿನಲ್ಲಿ ಅದೇ ಮೊದಲು. ಅವನು ಆ ಕಡ್ಡಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದ.

ಆಗ ಮಸ್ತೂರಾಳ ಫೋನು ಕೂಗಿತು. ಹೆಣ್ಣಿನ ಮನೆಯವರು. ಕಾದಿ ಎದ್ದು ನಿಂತಿದ್ದಾರೆ, ಸಾರ್ಜೆಂಟ್ ಗಡಿಯಾರ ನೋಡುತ್ತಿದ್ದಾನೆ, ಹುಡುಗಿ ಅಳುತ್ತಿದ್ದಾಳೆ.

“ಬಾಂಗ್,” ಎಂದ ಶಹ್ರೀಮ್. ಬೆಳಗಿನ ಗತ್ತು ಪೂರ್ತಿ ಇಳಿದಿತ್ತು. “ಈ ಸಲವೂ ತಪ್ಪಿಹೋದ್ರೆ ನನಗೆ ಯಾರೂ ಹೆಣ್ಣು ಕೊಡಲ್ಲ.”

ಅವನನ್ನು ಹಿಂದಿನ ಸೀಟಿಗೆ ತುರುಕಿ, ತಟ್ಟೆಗಳನ್ನು ಅವನ ತೊಡೆಗೆ ಹೇರಿದೆವು. ಬಹಾರಿನ್ ಗೇರನ್ನು ಕೆಳಕ್ಕಿಳಿಸಿ ಹಿಡಿದು, ಕಾಲೊತ್ತಿದ.

ಆ ಕಾರನ್ನು ಕೊಂಡ ಮೇಲೆ ಅವನು ನಿಜವಾಗಿ ಓಡಿಸಿದ್ದು ಆಗಲೇ. ನನ್ನ ಬೆನ್ನು ಸೀಟಿಗಂಟಿತು, ರೆಂಡಾಂಗ್ ಪಾತ್ರೆ ನನ್ನ ಎದೆಗಂಟಿತು. ಗೇರುಗಳು ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಬದಲಾಗುತ್ತಿದ್ದವು. ಮುಂದೆ ಪೊಲೀಸಿನ ಸೈರನ್ನು, ಹಿಂದೆ ನಮ್ಮ ಸೀನು. ತರಕಾರಿ ಗಾಡಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

“ಇನ್ನೂರ ಹತ್ತು!” ಎಂದು ಬಹಾರಿನ್ ಕೂಗಿದ.

“ತೊಂಬತ್ತೊಂಬತ್ತು!” ಮಸ್ತೂರಾ ಫೋನಿನಲ್ಲಿ ಲೆಕ್ಕ ಮಾಡಿ ಕೂಗಿದಳು. “ಒತ್ತಿ ಬಾಂಗ್!”

“ಇನ್ನೂರ ಹದಿನೈದು!”

“ನೂರ ಎರಡು! ನೂರಿಪ್ಪತ್ತಕ್ಕೆ ಇನ್ನೂ ಹದಿನೆಂಟಿದೆ!”

ಕೊನೆಯ ಏರು ಮುಗಿದು ಸಪಾಟು ರಸ್ತೆ ಬಂತು. ಮುಳ್ಳು ತಾನಾಗಿಯೇ ಕೆಳಗಿಳಿಯತೊಡಗಿತು. ಬಹಾರಿನ್ ಅದನ್ನು ನೋಡಿ ನಕ್ಕ. ಮಗ ಪರೀಕ್ಷೆಯಲ್ಲಿ ಪಾಸಾದಾಗ ತಂದೆ ನಗುತ್ತಾನಲ್ಲ, ಹಾಗೆ.

ಮದುವೆ ಮನೆಯ ಗೇಟಿನಲ್ಲಿ ಕಾದಿ ಒಂದು ಕಾಲನ್ನು ತಮ್ಮ ಕಾರೊಳಗೆ ಇಟ್ಟಾಗಿತ್ತು. ಬಹಾರಿನ್ ಗೇಟಿಗೆ ಅಡ್ಡಲಾಗಿ ನಿಲ್ಲಿಸಿಬಿಟ್ಟ. ಕಾದಿಯ ಕಾರು ಹೊರಡುವುದೆಲ್ಲಿಂದ ಬಂತು? ಅವರು ಒಳಗಿಟ್ಟ ಕಾಲನ್ನು ಹೊರಗೆ ತೆಗೆದರು.

ಸಾರ್ಜೆಂಟ್ ಮೀಸೆ ತೀಡುತ್ತಾ ಬಂದ. ಅಳಿಯನಾಗುವವನ ಕಡೆ ನೋಡಲೇ ಇಲ್ಲ.

“ಇದನ್ನ ಯಾರು ಓಡಿಸಿದ್ದು?”

“ನಾನು,” ಎಂದ ಬಹಾರಿನ್. ದನಿ ಮತ್ತೆ ಗ್ರಂಥಾಲಯಕ್ಕೆ ಹೋಗಿತ್ತು.

ಸಾರ್ಜೆಂಟ್ ಕಾರಿಗೊಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಮೂಸಿದ. “ಬೆಟ್ಟ ಹತ್ತಿ ಬಂದಿದೆ, ಸುಟ್ಟ ವಾಸನೆ ಇಲ್ಲ. ಸೈನ್ಯದಲ್ಲಿ ಲಾರಿಗಳನ್ನ ನೋಡ್ಕೊಂಡವನು ನಾನು. ಎಣ್ಣೆ ಯಾವಾಗ ಬದಲಾಯಿಸಿದ್ರಿ?”

“ಹೋದ ತಿಂಗಳು ಸಾರ್ಜೆಂಟ್.”

“ಕೂಲರು?”

“ದೊಡ್ಡದು. ತೋರಿಸ್ಲಾ?”

ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದರು. ಕಾದಿ ಕಾದರು. ಮದುಮಗ ತಟ್ಟೆ ಹಿಡಿದು ಕಾದ. ಒಳಗಿನಿಂದ “ಈ ಪೈಪು ಎಲ್ಲಿಗೆ ಹೋಗ್ತದೆ?” ಎಂಬ ಸಾರ್ಜೆಂಟನ ಪ್ರಶ್ನೆ ಕೇಳಿಬಂದಾಗ ಮಕ್ ಜರಾಗೆ ತಡೆಯಲಾಗಲಿಲ್ಲ.

“ಮೊದಲು ನನ್ನ ಮಗನಿಗೆ ಮದುವೆ ಮಾಡಿಸ್ರಪ್ಪಾ! ಆಮೇಲೆ ಬೇಕಾದ್ರೆ ನೀವಿಬ್ರೂ ಅದರೊಳಗೇ ಸಂಸಾರ ಮಾಡಿ!”

ಮದುವೆಯಾಯಿತು. ಶಹ್ರೀಮ್ ಒಂದೇ ಉಸಿರಿನಲ್ಲಿ ಒಪ್ಪಿಗೆಯ ಮಾತು ಹೇಳಿದ. ಪೊಲೀಸಿನವನು ಮೂರು ಸಲ ರೆಂಡಾಂಗ್ ಹಾಕಿಸಿಕೊಂಡ. ಸಾರ್ಜೆಂಟ್ ಊಟಕ್ಕೆ ಬಹಾರಿನ್‌ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಬಂದ ನೆಂಟರಿಗೆಲ್ಲ “ಗೇರ್‌ಬಾಕ್ಸ್ ಬಲ್ಲವರು” ಎಂದು ಪರಿಚಯ ಮಾಡಿಸಿದ. ಊಟದ ಮೇಲೆ ಮುದುಕರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಗಾಡಿಯ ಎಣ್ಣೆ ಕಡ್ಡಿ ಎಳೆದು ಮೂಸಿನೋಡುತ್ತಿದ್ದರು. ಮದುವೆಯ ದೊಡ್ಡ ಫೋಟೋದಲ್ಲಿ ಕಾರು ನಡುವೆ ಬಂದಿದೆ, ಮದುಮಕ್ಕಳು ಅಂಚಿನಲ್ಲಿದ್ದಾರೆ.

ಸಂಜೆ ಇಳಿಜಾರಿನಲ್ಲಿ ನಿಧಾನವಾಗಿ ವಾಪಸು ಬರುತ್ತಿದ್ದೆವು. ಮಸ್ತೂರಾಗೆ ನಿದ್ದೆ ಹತ್ತಿತ್ತು. ಮಕ್ ಜರಾ ಸುಮ್ಮನೆ ರಸ್ತೆ ನೋಡುತ್ತಿದ್ದರು. ಅವರು ಸುಮ್ಮನಿದ್ದರೆ ನಮಗೆಲ್ಲ ಭಯ.

“ಬಹಾರಿನ್.”

“ಏನು ಮಕ್?”

“ಮುಂದಿನ ವಾರ ನನ್ನ ತಂಗಿ ಮನೆಗೆ ಹೋಗಬೇಕು. ಕೋಟಾ ಭಾರು.”

ಕೋಟಾ ಭಾರು ಎಂದರೆ ದೇಶದ ಆ ತುದಿ, ನಡುವೆ ಬೆಟ್ಟದ ಸಾಲೇ ಇದೆ.

“ಏಸಿ ಬಸ್ಸಿದೆಯಲ್ಲ ಮಕ್. ಆರಾಮಾಗಿ ಮಲಗಿಕೊಂಡು ಹೋಗಬಹುದು.”

“ಬಸ್ಸು ಬೇಡ,” ಎಂದರು ಮಕ್ ಜರಾ. “ಬಸ್ಸಿನವನು ಎಲ್ಲರಿಗೂ ದಾರಿ ಬಿಡ್ತಾನೆ.” ಮುಂದೆ ಹೋಗುತ್ತಿದ್ದ ಎಲೆಕೋಸಿನ ಲಾರಿಯ ಕಡೆ ಗಲ್ಲ ತೋರಿಸಿದರು. “ಇವನನ್ನ ಇನ್ನೂ ಎಷ್ಟು ಹೊತ್ತು ನೋಡ್ತಾ ಕೂತಿರ್ತೀಯ?”

ಬಹಾರಿನ್ ಕನ್ನಡಿ ನೋಡಿ, ದೀಪ ಹಾಕಿ, ರಸ್ತೆ ಖಾಲಿಯಿದೆಯೆಂದು ಖಾತ್ರಿಮಾಡಿಕೊಂಡು, ಲಾರಿಯನ್ನು ನೀಟಾಗಿ ದಾಟಿದ. ಮಕ್ ಜರಾ ಸೆರಗು ಸರಿಮಾಡಿಕೊಂಡು, ಕಿಟಕಿಯ ಗಾಜು ಇಳಿಸಿ, ಲಾರಿಯವನಿಗೆ ಕೈಬೀಸಿದರು.